ಅನುಮತಿ ಕೇಳುವ ಇಂಗ್ಲಿಷ್

ಸಂಪಾದಕರೇ,

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಪುಟ್ಟ ಸಂಭಾಷಣೆ ಕೊಟ್ಟು, ಗೆರೆ ಎಳೆದ ಮಾತಿನ ಉದ್ದೇಶ ಏನು ಎಂದು ಕೇಳುವುದುಂಟು. ‘ಮೇ ಐ’ ಕಂಡರೆ ಸಾಕು, ಮಕ್ಕಳು ‘ಅನುಮತಿ ಕೇಳುವುದು’ ಎಂದು ಕಣ್ಣು ಮುಚ್ಚಿ ಗುರುತು ಹಾಕುತ್ತಾರೆ. ಅಂಕ ಬಂತು, ಮುಗೀತು.

ಅದೇ ಮಕ್ಕಳು ಪಿಯುಸಿಗೆ ಹೋದಮೇಲೆ ಅರ್ಜಿ ತಿದ್ದಿಸಲು ನನ್ನ ಹತ್ತಿರ ಬರುತ್ತಾರೆ. ಮೊನ್ನೆ ಒಬ್ಬಳು ಪ್ರಾಂಶುಪಾಲರಿಗೆ ‘ಐ ವಿಲ್ ಟೇಕ್ ಟೂ ಡೇಸ್ ಲೀವ್, ಪ್ಲೀಸ್ ಅಡ್ಜಸ್ಟ್’ ಎಂದು ಬರೆದಿದ್ದಳು. ಇದು ಕೇಳಿದ ಹಾಗಾಯ್ತಾ, ಹೇಳಿದ ಹಾಗಾಯ್ತಾ? ಹುಡುಗಿ ತುಂಬ ವಿನಯದವಳು, ಇಂಗ್ಲಿಷ್ ಅವಳನ್ನು ಜೋರು ಮಾಡಿಬಿಟ್ಟಿತ್ತು.

ಗೆಳತಿಯ ಹತ್ತಿರ ಪುಸ್ತಕ ಕೇಳಲು ‘ಕ್ಯಾನ್ ಐ’ ಸಾಕು. ದೊಡ್ಡವರಿಗೆ ಬರೆಯುವಾಗ ‘ಮೇ ಐ’ ಅಥವಾ ‘ಕುಡ್ ಐ’ ಮೇಲು. ಆದರೆ ‘ಕುಡ್’ ಕೇಳುವವರ ಮಾತು. ಅನುಮತಿ ಕೊಡುವವರು ‘ಯೂ ಕ್ಯಾನ್’ ಇಲ್ಲವೇ ‘ಯೂ ಮೇ’ ಅನ್ನುತ್ತಾರೆ. ಇದನ್ನು ಬರೆಸದೆ ಕಲಿಸೋಕಾಗಲ್ಲ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ಪೀರಿಯಡ್ ಹೀಗೆ ಮಾಡಿ ನೋಡಬಹುದು: ಒಬ್ಬ ರಜೆ ಕೇಳಿ ಬರೆಯಲಿ, ಪಕ್ಕದವನು ಹೆಡ್‌ಮಾಸ್ಟರ್ ಆಗಿ ಉತ್ತರ ಬರೆಯಲಿ. ಕೊಡಲ್ಲ ಅಂತಲೂ ಬರೆಯಬಹುದು! ಗೈಡಿನಲ್ಲಿರುವ ಜ್ವರದ ರಜೆ ಅರ್ಜಿಯನ್ನು ಮಾತ್ರ ದಯವಿಟ್ಟು ಬಾಯಿಪಾಠ ಮಾಡಿಸಬೇಡಿ.

– ನಿವೃತ್ತ ಇಂಗ್ಲಿಷ್ ಶಿಕ್ಷಕ, ತಿಪಟೂರು