ಗುಂಡಿ ದಾಟಿ ಚರ್ಚ್ ನೋಡಿ!

ಮಾನ್ಯರೇ,

ಮೈಸೂರಿನ ಫಿಲೋಮಿನಾ ಚರ್ಚ್ ಸುತ್ತ ರಸ್ತೆ ಅಗೆದು ಜನರಿಗೆ ಆಗುತ್ತಿರುವ ತೊಂದರೆಯ ಬಗ್ಗೆ ಬುಧವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ, ಸ್ವಲ್ಪ ಜಾಸ್ತಿಯೇ ಬರೆದಿದ್ದೀರಿ ಅಂದುಕೊಂಡಿದ್ದೆ. ಭಾನುವಾರ ನಾನೇ ಹೋಗಿ ಬಂದೆ. ಕಡಿಮೆಯೇ ಬರೆದಿದ್ದೀರಿ.

ಮಂಡ್ಯದಿಂದ ಬೀಗರು ಬಂದಿದ್ದರು. ಬೀಗಿತ್ತಿಗೆ ಮಂಡಿನೋವು. ಅರಮನೆ ಎಷ್ಟೋ ಸಲ ನೋಡಿ ಆಗಿದೆ, ಚರ್ಚಿನ ನೆಲಮಾಳಿಗೆಯಲ್ಲಿರುವ ಸಂತ ಫಿಲೋಮಿನಮ್ಮನ ಪ್ರತಿಮೆಯನ್ನು ಒಂದು ಸಲ ನೋಡಬೇಕು ಅಂದರು. ಅದೇನು ಮಹಾ ಅಂತ ಹೊರಡಿಸಿಕೊಂಡು ಹೋದೆ. ಆಟೊದವನು ಫೌಂಟನ್ ಸರ್ಕಲ್‌ನಲ್ಲೇ ಇಳಿಸಿ, 'ಮುಂದಕ್ಕೆ ಗಾಡಿ ಹೋಗಲ್ಲ ಸಾರ್' ಅಂದ. ಬಾಡಿಗೆ ಮಾತ್ರ ಪೂರ್ತಿ.

ಅಡ್ಡರಸ್ತೆಯಲ್ಲಿ ಉದ್ದಕ್ಕೂ ಚರಂಡಿಯಂತೆ ತೋಡಿದ್ದಾರೆ. ಹಿಂದಿನ ರಾತ್ರಿ ಮಳೆ ಬೇರೆ. ದಾಟಲು ಇದ್ದದ್ದು ಒಂದೇ ಒಂದು ಸೆಂಟ್ರಿಂಗ್ ಹಲಗೆ, ಅದರಲ್ಲೂ ಮೊಳೆಗಳು ಹಾಗೇ ಎದ್ದಿದ್ದವು. ಬೀಗಿತ್ತಿಯ ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ನಾನು ಬಗ್ಗಿ ಕೈ ಹಾಕಿ ಹುಡುಕಿದರೆ ಮೊದಲು ಸಿಕ್ಕಿದ್ದು ಚಪ್ಪಲಿಯಲ್ಲ, ತಗಡಿನ ಬೋರ್ಡು. 'ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ' ಅಂತ ಬರೆದಿತ್ತು. ಬೋರ್ಡೇ ಗುಂಡಿಗೆ ಬಿದ್ದಿದೆ ಅಂದಮೇಲೆ ಪ್ರಗತಿ ಎಷ್ಟಾಗಿದೆ ಅಂತ ತಿಳಿಯುತ್ತದಲ್ಲವೇ?

ದಡದಲ್ಲಿ ನಿಂತಿದ್ದ ಬೀಗರು, 'ಗದ್ದೆಗೆ ಇಳಿಯೋಕೂ ಒಂದು ಬದು ಇರ್ತದೆ ಕಣ್ರೀ, ಇಲ್ಲಿ ಅದೂ ಇಲ್ವಲ್ಲ' ಅಂದರು. ಮೈಸೂರು ಅಂದರೆ ಮೈಸೂರು ಅಂತ ಮದುವೆ ಮಾತುಕತೆಯಲ್ಲಿ ಕೊಚ್ಚಿಕೊಂಡಿದ್ದವನು ನಾನೇ. ಸುಮ್ನೆ ಚಪ್ಪಲಿ ತೊಳೆಯುತ್ತಾ ಕೂತೆ.

ಒಳಗೇನೋ ಹೋದೆವು. ಆ ಬಣ್ಣದ ಗಾಜು, ಆ ತಂಪು, ಎರಡು ನಿಮಿಷ ಎಲ್ಲ ಮರೆತುಹೋಯಿತು, ಸುಳ್ಳು ಹೇಳಬಾರದು. ಆದರೆ ಹಲಗೆಯ ಮೇಲೆ ಮಂಡಿ ಉಳುಕಿದ್ದರಿಂದ ನೆಲಮಾಳಿಗೆಯ ಮೆಟ್ಟಿಲು ಇಳಿಯಲು ಬೀಗಿತ್ತಿಗೆ ಆಗಲಿಲ್ಲ. ಬಂದಿದ್ದೇ ಅದಕ್ಕೆ. ವಾಪಸ್ ಬರುವಾಗ ಶೌಚಾಲಯ ಹುಡುಕಿಕೊಂಡು ಅಶೋಕ ರಸ್ತೆಯಲ್ಲಿ ಅಲೆದದ್ದು ಬೇರೆ ಕಥೆ. ಕೊನೆಗೆ ಒಂದು ಹೋಟೆಲಿನಲ್ಲಿ ಬೇಡದಿದ್ದರೂ ಮೂರು ಕಾಫಿ ಕುಡಿಯಬೇಕಾಯಿತು.

1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಚರ್ಚು ಇದು. 175 ಅಡಿಯ ಜೋಡಿ ಗೋಪುರವನ್ನು ಅಷ್ಟು ನೆಟ್ಟಗೆ ಮೇಲಕ್ಕೆ ಎತ್ತಿದರು. ಈಗಿನವರಿಗೆ ಆರಡಿ ಗುಂಡಿ ಮುಚ್ಚಲು ಬರುವುದಿಲ್ಲ. ತೋಡಲು ಮಾತ್ರ ಚೆನ್ನಾಗಿ ಬರುತ್ತದೆ. ದಸರಾ ಹತ್ತಿರ ಬಂದಾಗ ಮುಖಕ್ಕೆ ಪೌಡರ್ ಹಚ್ಚಿದ ಹಾಗೆ ಡಾಂಬರು ಬಳಿಯುತ್ತಾರೆ, ದೀಪಾವಳಿಗೆ ಕಿತ್ತು ಬರುತ್ತದೆ. ಪಾರಂಪರಿಕ ನಗರ ಅನ್ನುವ ಮಾತಂತೂ ಭಾಷಣಕ್ಕೆ ಸರಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಇವೆರಡನ್ನೂ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಮಾತಾಡಿದ್ದೇ ಆಯಿತು.

ನಮ್ಮ ಬೀದಿಯ ದೀಪದ ವಿಷಯವೂ ಇದೇ. ಎರಡು ತಿಂಗಳ ಹಿಂದೆ ದೂರು ಕೊಟ್ಟೆ. 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಅಂತ ಮೊಬೈಲಿಗೆ ಮೆಸೇಜ್ ಬಂತು. ಆ ಮೆಸೇಜನ್ನು ಕತ್ತಲಲ್ಲಿ ನಿಂತು ಓದಿದೆ.

ಸಂಬಂಧಪಟ್ಟವರು ಆ ಗುಂಡಿ ಮುಚ್ಚಲಿ. ಇಲ್ಲವೇ ಮೊಳೆ ಇಲ್ಲದ ನಾಲ್ಕು ಹಲಗೆಯನ್ನಾದರೂ ಹಾಕಲಿ. ಶೌಚಾಲಯವನ್ನೂ ನೋಡಲಿ, ನಮ್ಮ ದೀಪವನ್ನೂ ನೋಡಲಿ. ಅಥವಾ ಸಾಹೇಬರು ಒಂದು ದಿನ ಜೀಪಿನಿಂದ ಇಳಿದು, ತಮ್ಮ ಬೀಗರನ್ನು ಕರೆದುಕೊಂಡು ಅದೇ ಹಲಗೆ ಮೇಲೆ ನಡೆಯಲಿ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು