ಯಾರ ರುಜು ಇಲ್ಲ ಅಂತ ನೋಡು

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡತ್ತೆಯ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಕಾಗದಗಳನ್ನೆಲ್ಲ ದೊಡ್ಡದು ಮಾಡಿಕೊಂಡು ಓದಿದೆ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಕೊಳ್ಳಬೇಕೆಂದಿರುವ ಸವಳಂಗ ರಸ್ತೆಯ ಮನೆ ಚೆನ್ನಾಗಿದೆ. ಅರವತ್ತು ಲಕ್ಷ ಜಾಸ್ತಿಯೇ ಆಯಿತು, ಆದರೆ 2023ರಲ್ಲಿ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಶಿವಮೊಗ್ಗದಲ್ಲಿ ಕಡಿಮೆ ಬೆಲೆ ಹೇಳುವವರು ಯಾರಿದ್ದಾರೆ? ಬೆಲೆ ನೀನೂ ನಿನ್ನ ಗಂಡನೂ ಕೂತು ಯೋಚಿಸುವ ವಿಷಯ, ನಾನು ಬಾಯಿ ಹಾಕುವುದಿಲ್ಲ.

"ಇಸಿ ಕ್ಲೀನ್ ಇದೆ ಅತ್ತೆ, ಇ-ಖಾತೆಯೂ ಆಗಿದೆ, ಇನ್ನೇನು ನೋಡಬೇಕು?" ಅಂತ ಕೇಳಿದ್ದೀಯ. ಇಸಿ ಅಂದರೆ ಆಸ್ತಿಯ ಋಣಭಾರ ಪತ್ರ, ಇ-ಖಾತೆ ಅಂದರೆ ಆನ್‌ಲೈನಿನ ಆಸ್ತಿ ಖಾತೆ, ಅಷ್ಟೇ. ಸಬ್ ರಿಜಿಸ್ಟ್ರಾರ್ ಆಫೀಸಿನ ಮೇಜಿನ ಹಿಂದೆಯೇ ಸರ್ವೀಸು ಮುಗಿಸಿದವಳು ನಾನು. ಕಾಗದದಲ್ಲಿ ಇರುವ ರುಜುಗಳಿಂದ ತಕರಾರು ಹುಟ್ಟಿದ್ದು ಕಡಿಮೆ. ಇರಬೇಕಾಗಿದ್ದು ಇಲ್ಲದ ರುಜುವಿನಿಂದಲೇ ಜನ ಕೋರ್ಟಿಗೆ ಅಲೆಯುವುದು. ಸಬ್ ರಿಜಿಸ್ಟ್ರಾರ್ ಸಾಹೇಬರು ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಅಂತ ತನಿಖೆ ಮಾಡುವುದಿಲ್ಲ. ಬಂದವರು ಅವರೇ ಹೌದೋ, ಪತ್ರ ಬರೆದುಕೊಟ್ಟಿದ್ದನ್ನು ಒಪ್ಪುತ್ತಾರೋ, ಶುಲ್ಕ ಕಟ್ಟಿದ್ದಾರೋ, ಮುಖ್ಯವಾಗಿ ಇಷ್ಟು ನೋಡಿ ನೋಂದಾಯಿಸುತ್ತಾರೆ. ಹಕ್ಕು ಹುಡುಕುವ ಕೆಲಸ ಕೊಳ್ಳುವವಳಾದ ನಿನ್ನದು.

ಇಸಿಯಲ್ಲಿ ಬರುವುದು ನೋಂದಣಿಯಾದ ಪತ್ರಗಳು ಮಾತ್ರ. ನೋಂದಾಯಿಸದ ಉಯಿಲು, ಕೈಬರಹದ ಕರಾರು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣಿಸದೇ ಇರಬಹುದು. ಆನ್‌ಲೈನಿನಲ್ಲಿ ಸಿಗುವುದೂ 2004ರ ಏಪ್ರಿಲ್‌ನಿಂದ ಈಚಿನದು, ಅದಕ್ಕೂ ಹಿಂದಿನದನ್ನು ಅರ್ಜಿ ಕೊಟ್ಟು ಹಳೆಯ ಪುಸ್ತಕದಲ್ಲಿ ಹುಡುಕಿಸಬೇಕು. ಇನ್ನು ಖಾತೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ, ಸರಿ. ಆದರೆ ಖಾತೆ ಹೇಳುವುದು ಕಂದಾಯ ಕಟ್ಟುವವರು ಯಾರು ಅಂತ. ಮಾಲೀಕರು ಯಾರು ಅಂತ ಹೇಳಬೇಕಾದ್ದು ಮೂಲಪತ್ರ.

ಈಗ ಮಾರುವವರು ಕೊಟ್ಟ ವಂಶವೃಕ್ಷಕ್ಕೆ ಬರುತ್ತೇನೆ. ಮನೆ ತೀರಿಹೋದ ಯಜಮಾನರ ಸ್ವಂತ ಸಂಪಾದನೆ, ಉಯಿಲು ಬರೆದಿಲ್ಲ. ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು ರುಜು ಹಾಕುತ್ತಾರಂತೆ. ಹಾಗಾದರೆ ಹಾಸನಕ್ಕೆ ಕೊಟ್ಟ ಮಗಳು ಎಲ್ಲಿ? ನೀನೇ ಬರೆದಿದ್ದೀಯಲ್ಲ, ಗೋಡೆಯ ಮೇಲಿನ ಫೋಟೋದಲ್ಲಿ ಮೂರು ಮಕ್ಕಳಿದ್ದಾರೆ ಅಂತ. "ಅವಳಿಗೆ ಮದುವೆಯಲ್ಲೇ ಕೊಡುವುದನ್ನೆಲ್ಲ ಕೊಟ್ಟಾಗಿದೆ" ಎಂದು ಹಿರಿಯ ಮಗ ಹೇಳಿದನಂತೆ. ಪುಟ್ಟಿ, ಮದುವೆಯಲ್ಲಿ ಹಾಕಿದ ಚಿನ್ನ ಹಕ್ಕುಬಿಡುಗಡೆ ಪತ್ರ ಆಗುವುದಿಲ್ಲ. ಉಯಿಲು ಬರೆಯದೆ ಸತ್ತ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮಪಾಲು. ಇದು 1956ರಿಂದ ಇರುವ ಕಾನೂನು, ನಿನ್ನೆ ಮೊನ್ನೆಯದಲ್ಲ. ಆ ಹುಡುಗಿ ನೋಂದಾಯಿತ ಹಕ್ಕುಬಿಡುಗಡೆ ಮಾಡಿಕೊಟ್ಟಿರಬೇಕು, ಇಲ್ಲವೇ ಕ್ರಯಪತ್ರಕ್ಕೆ ಬಂದು ರುಜು ಹಾಕಬೇಕು. ಅದೂ ಮಾರುವವಳಾಗಿ. "ಒಪ್ಪಿಗೆ ಸಾಕ್ಷಿ ಅಂತ ಕೊನೆಯಲ್ಲಿ ಒಂದು ರುಜು ಸಾಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ತನ್ನ ಪಾಲನ್ನು ತಾನು ಮಾರಿದ್ದೇನೆ, ಇಷ್ಟು ಹಣ ಮುಟ್ಟಿದೆ ಎಂದು ಪತ್ರದ ಒಳಗೆ ಬರಬೇಕು. ತಾಯಿಯ ಪರವಾಗಿ ಮಗ ಜಿಪಿಎ, ಅಂದರೆ ಅಧಿಕಾರ ಪತ್ರ, ಹಿಡಿದು ಬಂದರೆ, ಆ ಜಿಪಿಎ ನೋಂದಣಿಯಾಗಿದೆಯೇ, ಆಕೆ ಬದುಕಿದ್ದಾರೆಯೇ ಎಂದು ನೋಡು. ಕೊಟ್ಟವರು ಹೋದರೆ ಸಾಮಾನ್ಯವಾಗಿ ಆ ಅಧಿಕಾರವೂ ಹೋಯಿತು. ಆಕೆಯ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಾ, ಗೊತ್ತಾಗುತ್ತದೆ.

ಆ ಬಡಾವಣೆ ಮೊದಲು ಗದ್ದೆಯಾಗಿತ್ತು. ಭೂಪರಿವರ್ತನೆಯ ಆದೇಶ, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆ ಎರಡೂ ಬೇಕು. ಜನ ನೋಡದೇ ಬಿಡುವುದು ಅದಕ್ಕೂ ಹಿಂದಿನದನ್ನು: ಗದ್ದೆ ಆ ಮನೆತನಕ್ಕೆ ಬಂದದ್ದು ಹೇಗೆ? ಕೈಬರಹದ ಪಹಣಿ, ಹಳೆಯ ಎಂ.ಆರ್. (ಹಕ್ಕು ಬದಲಾವಣೆಯ ದಾಖಲೆ) ತೆಗೆಸು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು, ಮೊದಲೇ ಅನುಮತಿ ಪಡೆಯದೆ ಕೈ ಬದಲಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ಅಸಿಂಧು. ಮೇಲೆ ಮನೆ ಎದ್ದಿದ್ದರೂ ಅಷ್ಟೇ. 2023ರ ತಿದ್ದುಪಡಿಯ ಪ್ರಕಾರ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಅಲ್ಲಿ ಇಲ್ಲದ ರುಜು ಸರ್ಕಾರದ್ದು. ಇದಕ್ಕೆ ವಕೀಲರ ಅಭಿಪ್ರಾಯ ಬರೆಸಿಕೋ. ಬ್ಯಾಂಕಿನವರು ತಮ್ಮ ವಕೀಲರಿಂದ ನೋಡಿಸುತ್ತಾರೆ ನಿಜ, ಆದರೆ ಅವರು ನೋಡುವುದು ಬ್ಯಾಂಕಿನ ಸಾಲಕ್ಕಾಗಿ. ನಿನ್ನ ಕಡೆಯಿಂದ ಬೇರೆ ಒಬ್ಬರು ಇರಲಿ.

ಮೂಲಪತ್ರವನ್ನು ಕಣ್ಣಾರೆ ನೋಡು, ಬಣ್ಣದ ಜೆರಾಕ್ಸ್ ಅಲ್ಲ. ಅದು ಬ್ಯಾಂಕಿನಲ್ಲಿದೆ ಅಂದರೆ ಸಾಲ ಇದೆ ಎಂದರ್ಥ. ಹಾಗಿದ್ದರೆ ಬಾಕಿಯಷ್ಟು ಹಣದ ಡಿಡಿಯನ್ನು ಆ ಬ್ಯಾಂಕಿನ ಹೆಸರಿಗೇ ತೆಗೆಸು. "ದುಡ್ಡು ಕೊಡಿ, ನಾವೇ ತೀರಿಸಿ ತರುತ್ತೇವೆ" ಎಂಬ ಮಾತಿಗೆ ತಲೆಯಾಡಿಸಬೇಡ.

ಖರ್ಚು ಎಷ್ಟು ಅಂತ ಕೇಳಿದ್ದೀಯ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1 ಇದ್ದದ್ದು 2 ಆಗಿದೆ. ಊರೊಳಗಿನ ಮನೆಗೆ ಎಲ್ಲ ಸೇರಿ 7.6. ಅರವತ್ತು ಲಕ್ಷಕ್ಕೆ 4,56,000 ಎತ್ತಿಡು. ಸರ್ಕಾರದ ಮಾರ್ಗಸೂಚಿ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಐವತ್ತು ಲಕ್ಷ ದಾಟಿರುವುದರಿಂದ ನೂರಕ್ಕೆ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವುದೂ ನಿನ್ನ ಜವಾಬ್ದಾರಿ, ಉಳಿದದ್ದನ್ನು ಅವರಿಗೆ ಕೊಡು. ಹದಿನೈದು ಲಕ್ಷ ಕೈಗೆ ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಅಂದರಂತಲ್ಲ. ಬೇಡ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಅವರಿಗೆ ಬೀಳಬಹುದು, ಅದನ್ನು ನಯವಾಗಿ ನೆನಪಿಸು. ಮುಂಗಡವೂ ಚೆಕ್ಕಿನಲ್ಲೇ ಹೋಗಲಿ.

ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವುದು, ದಿನ ಗೊತ್ತುಮಾಡುವುದು, ಹೆಬ್ಬೆಟ್ಟು ಫೋಟೋ, ಇದೆಲ್ಲ ಪತ್ರ ಬರೆಯುವವರೇ ಮಾಡಿಸುತ್ತಾರೆ. ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಗಳನ್ನು, ಮಾತ್ರ ಸ್ಥಳದಲ್ಲಿ ನಿಂತು ನೀನೇ ಓದಿ ನೋಡು. ಪೂರ್ವಕ್ಕೆ ರಸ್ತೆ ಅಂತ ಬರೆದು ಅಲ್ಲಿ ಪಕ್ಕದವರ ಗೋಡೆ ಇದ್ದರೆ ಆಮೇಲೆ ತಿದ್ದುಪಡಿ ಪತ್ರಕ್ಕೆ ಅದೇ ಜನರನ್ನು ಮತ್ತೆ ಹಿಡಿದು ತರಬೇಕು.

ಇನ್ನು ಇನ್ನೊಂದು ವಿಷಯ. ಊರ ಮನೆ ಮಾರಿ ನಿನಗೆ ಸ್ವಲ್ಪ ಹಣ ಕೊಡುತ್ತೇನೆಂದು ನಿನ್ನ ಅಪ್ಪ ಹೇಳಿದ್ದಾನಂತೆ. ನನಗೆ ಸಂತೋಷವೇ. ಆದರೆ ಅದು ನಿನ್ನ ಮುತ್ತಜ್ಜನ ಕಾಲದ ಆಸ್ತಿ, ಇವತ್ತಿಗೂ ಪಾಲುಪಟ್ಟಿ ಆಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಆದ ಮೇಲೆ ನನಗೂ ನಿನ್ನ ಸಣ್ಣತ್ತೆಗೂ ಅಲ್ಲಿ ಅಣ್ಣನಷ್ಟೇ ಪಾಲು. ಅಂದರೆ ಈ ಸಲ ಇಲ್ಲದ ರುಜು ನಮ್ಮದು. ನಾನು ಹಾಕುತ್ತೇನೆ, ದುಡ್ಡೂ ಬೇಡ, ಆದರೆ ಕರಡು ಓದಿದ ಮೇಲೆ.

ಆ ಕರಡಿನಲ್ಲಿ ಎರಡು ಸಂಗತಿ ಇರಲೇಬೇಕು. ಮನೆಗೆ ಹೋಗುವ ದಾರಿ ಪಕ್ಕದ ತೋಟದವರ ಅಂಗಳದ ಮೇಲೆ, ಕುಡಿಯುವ ನೀರು ಮೇಲಿನ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುತ್ತದೆ, ಆ ಅಬ್ಬಿ ಇರುವುದು ಬೇರೆಯವರ ಸರ್ವೆ ನಂಬರಿನಲ್ಲಿ. ನಮ್ಮ ತಲೆಮಾರಿಗೆ ಬಾಯಿಮಾತೇ ಸಾಕಾಗಿತ್ತು. ಕೊಳ್ಳುವವರು ಬೆಂಗಳೂರಿನವರಂತೆ, ಮೊದಲ ಬೇಸಿಗೆಗೇ ಜಗಳ ಬಂದೀತು. ದಾರಿಯೂ ನೀರೂ ಹೇಗೆ ಬರುತ್ತವೆ ಎಂದು ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ. ಆಚೆಯವರಿಂದಲೂ ಒಂದು ಒಪ್ಪಂದ ಬರೆಸಿ ನೋಂದಣಿ ಮಾಡಿಸಿ. ಪಹಣಿಯ 11ನೇ ಕಾಲಂನಲ್ಲಿ ನಮ್ಮಪ್ಪ ಮಾಡಿದ್ದ ಸೊಸೈಟಿ ಸಾಲ ಇನ್ನೂ ಕೂತಿದ್ದರೂ ಆಶ್ಚರ್ಯವಿಲ್ಲ. ತೀರಿದ ಸಾಲವೂ ತಾನಾಗಿ ಅಳಿಸಿಹೋಗುವುದಿಲ್ಲ, ಬೇಬಾಕಿ ಪತ್ರ ತಂದು ತೆಗೆಸಬೇಕು. ಮನೆ, ಅಂಗಳ ಮಾತ್ರ ಮಾರಿ ತೋಟ ಇಟ್ಟುಕೊಳ್ಳುವುದಾದರೆ ಮಾರುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಗೆ ಈಗಲೇ ಅರ್ಜಿ ಹಾಕಿ, ಮಳೆ ಹಿಡಿದ ಮೇಲೆ ಅಳತೆಗೆ ಸರ್ವೆಯವರನ್ನು ಕರೆಸುವುದು ಕಷ್ಟ.

ಸಣ್ಣತ್ತೆಗೆ ಈ ವಿಷಯ ಇನ್ನೂ ಯಾರೂ ಹೇಳಿಲ್ಲ. ನೀನೇ ಫೋನ್ ಮಾಡು, ನಿನ್ನ ಅಪ್ಪನ ಕೈಲಿ ಮಾಡಿಸಬೇಡ. ಅವರಿಬ್ಬರೂ ಇನ್ನೂ ಹೋದ ವರ್ಷದ ಅಡಿಕೆ ಲೆಕ್ಕದಲ್ಲೇ ಇದ್ದಾರೆ.

ಇಂತಿ,
ನಿನ್ನ ದೊಡ್ಡತ್ತೆ