ಗೋಲ್ ಗುಂಬಜ್ ಮೆಟ್ಟಿಲಲ್ಲಿ ಸಿಕ್ಕ ಅಕ್ಕನಿಗೆ

ಹೆಸರು ಕೇಳಲಿಲ್ಲ, ಅದೇ ಬೇಜಾರು. ಹಸಿರು ಇಳಕಲ್ ಸೀರೆ ಉಟ್ಟಿದ್ದ ಅಕ್ಕ, ನಿಮಗೆ ತುಂಬಾ ಧನ್ಯವಾದ.

ಹೋದ ತಿಂಗಳು ಅಪ್ಪನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆ. ಆದಿಲ್‌ಶಾಹಿಗಳ ರಾಜಧಾನಿ ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಮಧ್ಯಾಹ್ನ ಗುಂಬಜ್ ಹತ್ತುವಾಗ ಎರಡನೇ ಅಂತಸ್ತಿಗೇ ಅಪ್ಪನ ಮಂಡಿ ಹಿಡಿದುಕೊಂಡಿತು. ಮೇಲಿಂದ ಮಕ್ಕಳ ಕೂಗಾಟ ಬೇರೆ. ಆಗ ನೀವು ಪಕ್ಕದಲ್ಲಿ ಕೂತು, ನೀರು ಕೊಟ್ಟು, "ಈಗ ಬ್ಯಾಡ್ರಿ, ನಾಳಿ ಮುಂಜಾನೆ ಬಾಗಿಲು ತೆಗದ ಕೂಡ್ಲೇ ಬರ್ರಿ, ಈಗ ಇಬ್ರಾಹಿಂ ರೋಜಾ ನೋಡ್ರಿ" ಅಂದಿರಿ.

ಹಾಗೇ ಮಾಡಿದೆವು. ಇಬ್ರಾಹಿಂ ಆದಿಲ್ ಶಾನ ಗೋರಿಯಾದ ಆ ರೋಜಾದಲ್ಲಿ ಸಂಜೆ ಬಿಸಿಲು ಬಿದ್ದಾಗ, ಕಲ್ಲಿನ ಕಿಟಕಿಯಲ್ಲಿ ಕೊರೆದ ಅಕ್ಷರಗಳ ಸಂದಿಯಿಂದ ಬೆಳಕು ಸೋರುತ್ತಿತ್ತು. ಅಪ್ಪ ಬೆರಳಿಟ್ಟು ನೋಡುತ್ತಾ ನಿಂತೇ ಬಿಟ್ಟರು.

ಮರುದಿನ ನೀವೇ ಬಂದು ನಿಂತಿದ್ದಿರಿ! ಏಳು ಅಂತಸ್ತನ್ನೂ ಅಪ್ಪನ ಕೈ ಹಿಡಿದು, ಪ್ರತಿ ತಿರುವಿನಲ್ಲೂ ಕೂರಿಸಿ, ಮೊಹಮ್ಮದ್ ಆದಿಲ್ ಶಾನ ಗೋರಿ ಇದು, 1656ರಲ್ಲಿ ಅವನು ತೀರಿಕೊಂಡ, ಇಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೂ ಕಂಬ ಇಲ್ಲ ನೋಡ್ರಿ ಅಂತ ಹೇಳುತ್ತಾ ಹತ್ತಿಸಿದಿರಿ. ಮೇಲೆ ಯಾರೂ ಇರಲಿಲ್ಲ. ಸುಮಾರು 38 ಮೀಟರ್ ಆಚೆ, ಎದುರು ಬದಿಗೆ ನನ್ನನ್ನು ಕಳಿಸಿ ಗೋಡೆಗೆ ಕಿವಿ ಕೊಡಲು ಹೇಳಿದಿರಿ. ಅಪ್ಪ ಪಿಸುಗುಟ್ಟಿದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು: "ಪುಟ್ಟಿ, ಊಟ ಮಾಡಿದ್ಯಾ?"

ದುಡ್ಡು ಕೊಡಲು ಹೋದರೆ ನಕ್ಕು ಕೈ ಆಡಿಸಿ ಹೋಗಿಬಿಟ್ಟಿರಿ. ಅಪ್ಪ ಈಗಲೂ ದಿನಾ ನಿಮ್ಮನ್ನು ನೆನೆಯುತ್ತಾರೆ, ಅಕ್ಕ.